ಲಿಂಕನ್ನರ ಶವಮಂಚ

ರಾಜ್ಯಾಧಿಕಾರವನ್ನು ವಹಿಸಿ ದಿವಂಗತರಾದವರ ಕಳೇಬರವನ್ನು ಸರ್ವಜನರ ದರ್ಶನಕ್ಕಿರಿಸುವ ಸಂಪ್ರದಾಯವು ಅಮೇರಿಕಾ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿರುತ್ತದೆ. ವಾಷಿಂಗ್ಟನ್ ನಗರದ ಶಾಸನಸಭಾಭವನದ ಗುಮ್ಮಟದಡಿಯಲ್ಲಿ ಈ ಮರ್ಯಾದೆಯನ್ನು ಮೊದಲು ಪಡೆದವರು 1852ರಲ್ಲಿ ನಿಧನರಾದ ಸೆನೆಟ್ ಸಭಾಸದರಾದ ಹೆನ್ರಿ ಕ್ಲೇ ಎಂಬವರು.

1865ರ ಏಪ್ರಿಲ್ ಮಾಸದಲ್ಲಿ ಅಧ್ಯಕ್ಷ ಲಿಂಕನ್ನರು ಘಾತುಕನ ಗುಂಡಿಗೆ ಬಲಿಯಾಗಲು, ಒರಟಾದ ಪೈನ್ ಮರದ ಹಲಗೆಗಳಿಗೆ ಮೊಳೆ ಹೊಡೆದು ಅವಸರದಿಂದ ಮಂಚವೊಂದನ್ನು ರಚಿಸಿ, ಮೇಲೆ ಕರಿಯ ವಸ್ತ್ರವನ್ನು ಹೊದಿಸಿದರು. ಚಂದನವಲ್ಲ, ದಂತವಲ್ಲ, ಬರಿಯ ಹಲಗೆ! ವಸ್ತ್ರವು ಹಲವು ಸಲ ಬದಲಾದರೂ ಮಂಚವನ್ನು ಅವರು ಬಿಸುಟಿಲ್ಲ. 1921ರಲ್ಲಿ ಯುದ್ಧದಲ್ಲಿ ಮಡಿದ, ಹೆಸರೇ ತಿಳಿಯದ ಯೋಧನೊಬ್ಬನನ್ನೂ 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನೂ ಅದರ ಮೇಲೆಯೇ ಮಲಗಿಸಿದರು.

ಆದರೂ ಪದವಿಯ ಎಣಿಕೆಯು ತಪ್ಪಲಿಲ್ಲ. ಕರಿಯ ಜನರ ಹಕ್ಕಿಗಾಗಿ 1955ರಲ್ಲಿ ಬಸ್ಸಿನ ಆಸನವನ್ನು ಬಿಟ್ಟುಕೊಡದೆ ಸೆರೆಯಾದ ರೋಸಾ ಪಾರ್ಕ್ಸ್ ಎಂಬ ಸಾಧ್ವಿಯನ್ನು 2005ರಲ್ಲಿ ಅದೇ ಗುಮ್ಮಟದಡಿಯಲ್ಲಿ ಇರಿಸಿದರಷ್ಟೆ. ಆಕೆ ಅಧಿಕಾರಿಯಲ್ಲವಾದುದರಿಂದ ಆ ಮರ್ಯಾದೆಗೆ ಬೇರೊಂದು ಹೆಸರನ್ನಿಟ್ಟರು. ಈ ಭೇದವು ನಮಗೇನೋ ರುಚಿಸದು; ಸಾಲುಗಟ್ಟಿ ನಿಂತ ಸಹಸ್ರಾರು ಜನರೂ ಅದನ್ನು ಗಣಿಸಿದಂತೆ ತೋರದು. ಸ್ತ್ರೀಯೊಬ್ಬರಿಗೆ ಮೊದಲಿನ ಹೆಸರಿನಿಂದಲೇ ಆ ಗೌರವವು ಸಂದುದು 2020ರಲ್ಲಿ, ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗರಿಗೆ. ಕ್ಲೇ ಮಹಾಶಯರ ತರುವಾಯ 168 ವರ್ಷಗಳಿಗೆ, ಅದೇ ಹಲಗೆಯ ಮಂಚದ ಮೇಲೆ.