ತುಂಗಭದ್ರಾತೀರದಲ್ಲಿ ಕೃಷಿಶಿಕ್ಷಣ

ತಲೆತಲಾಂತರದಿಂದ ಮಣ್ಣನ್ನರಿತ ಒಕ್ಕಲಿಗನಿಗೆ ಕಲಿಸತಕ್ಕುದೇನು ಎಂದು ಕೇಳುವವರುಂಟು. ಆದರೆ ನೀರಿನ ಸ್ಥಿತಿ ಬದಲಾದೊಡನೆ ಹಳೆಯ ಅರಿವು ಸಾಲದೆಹೋಗುವುದೆಂಬುದಕ್ಕೆ ಹಂಪೆ ಹೊಸಪೇಟೆಗಳ ಸೀಮೆಯೇ ಸಾಕ್ಷಿಯಾಗಿರುವುದು.

ಕೃಷ್ಣದೇವರಾಯನು ಇಂದಿನ ಹೊಸಪೇಟೆಯ ಬಳಿ ಹಿರಿದಾದ ಕೆರೆಯೊಂದನ್ನು ಕಟ್ಟಿಸಿದನು. ಪೋರ್ತುಗೀಸ ಪ್ರವಾಸಿ ಪಾಯೆಸನು ಸುಮಾರು 1520ರಲ್ಲಿ ಆ ಕೆಲಸವನ್ನು ಕಣ್ಣಾರೆ ಕಂಡು, ಹದಿನೈದಿಪ್ಪತ್ತು ಸಾವಿರ ಜನರು ಅಲ್ಲಿ ದುಡಿಯುತ್ತಿದ್ದರೆಂದು ತಿಳಿಸಿದ್ದಾನೆ. ಅವನ ತರುವಾಯ ಬರೆದ ನೂನಿಜನು ಮತ್ತೊಂದು ಸಂಗತಿಯನ್ನು ಹೇಳುತ್ತಾನೆ: ಕೆರೆಯ ನೀರು ಹರಿಯುವ ಭೂಮಿಯನ್ನು ಜನರು ಹಸನುಮಾಡಿಕೊಳ್ಳಲೆಂದು ರಾಯನು ಒಂಬತ್ತು ವರ್ಷಗಳವರೆಗೆ ಕಂದಾಯವನ್ನು ಬಿಟ್ಟುಕೊಟ್ಟನಂತೆ. ಕೆರೆಯ ಗಾತ್ರವನ್ನು ಕೊಂಡಾಡುವ ನಮ್ಮ ಪಂಡಿತರಲ್ಲಿ ಈ ಒಂಬತ್ತು ವರ್ಷಗಳನ್ನು ಗಮನಿಸಿದವರು ವಿರಳ! ಬೆದ್ದಲನ್ನು ಸಮಮಾಡಿ, ಬದು ಹಾಕಿ, ಗದ್ದೆಯ ಬೇಸಾಯಕ್ಕೆ ಕೈ ಪಳಗುವಷ್ಟರಲ್ಲಿ ಒಂದೆರಡು ಬೆಳೆಗಳಾದರೂ ಕೆಡುವುವು. ಆ ನಷ್ಟದ ಭಾರವು ಒಕ್ಕಲಿಗನೊಬ್ಬನ ಮೇಲೆಯೇ ಬೀಳದಂತೆ ಅರಸನು ನೋಡಿಕೊಂಡನು.

ನಾಲ್ಕು ಶತಮಾನಗಳ ಮೇಲೆ ಅದೇ ಪ್ರಶ್ನೆಯು ಮರಳಿ ಎದುರಾಯಿತು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಯೋಚನೆಯಿದ್ದುದರಿಂದ, ಎರೆಭೂಮಿಯು ನೀರಾವರಿಯನ್ನು ತಾಳಬಲ್ಲುದೇ ಎಂಬುದನ್ನು ಪರೀಕ್ಷಿಸಲು 1937ರಲ್ಲಿ ಸಿರುಗುಪ್ಪೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. 1945ರಲ್ಲಿ ಮೊದಲಾದ ಅಣೆಕಟ್ಟಿನ ನೀರು 1953ರಲ್ಲಿ ಕಾಲುವೆಗಿಳಿಯಿತು. ತಿಳಿವಳಿಕೆಯೂ ಸಿದ್ಧ, ನೀರೂ ಸಿದ್ಧ. ಆದರೆ ಜೋಳ ಹತ್ತಿಗಳನ್ನು ಬೆಳೆಯುತ್ತಿದ್ದ ಸ್ಥಳಿಕರಲ್ಲಿ ಅನೇಕರಿಗೆ ಮೊದಲ ವರ್ಷಗಳ ವೆಚ್ಚವನ್ನು ತಾಳುವ ಶಕ್ತಿಯಿರಲಿಲ್ಲ. ಕರಾವಳಿ ಆಂಧ್ರದಿಂದ ಬಂದ ಭತ್ತದ ಬೇಸಾಯಗಾರರು ಅವರಿಂದ ಭೂಮಿಯನ್ನು ಕೊಂಡು, ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳ ಸುತ್ತ 'ಕ್ಯಾಂಪು'ಗಳನ್ನು ಹೂಡಿದರು. ಹೊಲವನ್ನು ಮಾರಿದವನು ಕೆಲವೆಡೆ ಅದೇ ಹೊಲದಲ್ಲಿ ಕೂಲಿಯವನಾಗಿ ಭತ್ತದ ಬೇಸಾಯವನ್ನು ಕಲಿತನು. ಇಂತಹ ಶಿಕ್ಷಣವು ಯಾರಿಗೂ ಬೇಡ.

ಅಧಿಕ ಇಳುವರಿಯ ತಳಿಗಳು ಪ್ರಚಾರಕ್ಕೆ ಬಂದ 1966ರ ಸುಮಾರಿಗೆ ದೇಶದಲ್ಲಿ ರೈತ ತರಬೇತಿಯ ಕಾರ್ಯಕ್ರಮವು ಮೊದಲಾಯಿತು. 1974ರಲ್ಲಿ ಪುದುಚೇರಿಯಲ್ಲಿ ಪ್ರಥಮ ಕೃಷಿ ವಿಜ್ಞಾನ ಕೇಂದ್ರವು ತೆರೆಯಿತು. ಬಳ್ಳಾರಿಯ ಬಳಿಯ ಹಗರಿಯಲ್ಲಿಯೂ ಅಂತಹ ಕೇಂದ್ರವುಂಟು. ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳೂ ಇವೆ. ಆದರೂ ತರಬೇತಿಗೆ ಬರುವವರು ಬಂದಾರು, ಬಾರದವರು ಬಾರರು. ಇದನ್ನು ಒಕ್ಕಲಿಗನ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಕಾಲುವೆಯ ಸರದಿಯ ದಿನ ಕಂಪ್ಲಿಯ ರೈತನು ಗದ್ದೆಯನ್ನು ಬಿಟ್ಟು ಬರಲಾರನು. ಸಂಡೂರಿನ ಮಳೆಯಾಶ್ರಯದ ಹೊಲದವನಿಗೆ ಕಾಲುವೆಗದ್ದೆಯ ಪಾಠದಿಂದ ಪ್ರಯೋಜನವೇನು? ಪಾಲಿಗೆ ಸಾಗುಮಾಡುವವನ ಹೆಸರು ಪಹಣಿಯಲ್ಲಿಲ್ಲದಿರುವುದರಿಂದ ಸಹಾಯಧನದ ಬೀಜವು ಅವನಿಗೆ ಸುಲಭವಾಗಿ ದಕ್ಕದು. ಇನ್ನು ಸಸಿಯ ನಾಟಿಯೂ ಕಳೆ ಕೀಳುವುದೂ ಬಹುಪಾಲು ಹೆಂಗಸರ ಕೆಲಸ. ತರಬೇತಿಯ ಕರೆ ಮಾತ್ರ ಪಹಣಿಯಲ್ಲಿ ಹೆಸರುಳ್ಳ ಗಂಡಸಿಗೆ ಮೊದಲು ಮುಟ್ಟುತ್ತದೆ.