ಮನಸ್ಸಿನ ಚಿಕಿತ್ಸೆಗೆ ನಾವೇ ಹೋಗಿ ಅಡ್ಮಿಟ್ ಆಗಬಹುದಾ? ಇಲ್ಲಿದೆ ಮಾಹಿತಿ

"ಒಳಗೆ ಹೋದ್ರೆ ಮತ್ತೆ ಬಿಡ್ತಾರೋ ಇಲ್ವೋ" ಎಂಬ ಭಯದಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ನಿದ್ದೆಗೆಟ್ಟು, ವ್ಯಾಪಾರವನ್ನೂ ಕೈಬಿಟ್ಟು ಮನೆಯಲ್ಲೇ ಕೊರಗುತ್ತಾರೆ. ಆದರೆ ತಾವಾಗಿಯೇ ದಾಖಲಾಗುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟ ಹಕ್ಕುಗಳನ್ನು ಕೊಟ್ಟಿದೆ.

ಯಾರು ದಾಖಲಾಗಬಹುದು?
18 ವರ್ಷ ತುಂಬಿದ ಯಾರೇ ಆಗಲಿ, ತಾವೇ ಕೇಳಿಕೊಳ್ಳಬಹುದು. ಒಳರೋಗಿಯಾಗುವಷ್ಟು ಸಮಸ್ಯೆ ಇದೆಯಾ, ದಾಖಲಾದರೆ ಪ್ರಯೋಜನ ಆಗುತ್ತಾ, ಯಾಕೆ ದಾಖಲಾಗುತ್ತಿದ್ದೇನೆ ಅನ್ನೋದು ರೋಗಿಗೆ ಅರ್ಥವಾಗಿದೆಯಾ ಎಂದು ವೈದ್ಯರು ನೋಡುತ್ತಾರೆ. ಹೀಗೆ ದಾಖಲಾದವರಿಗೆ ಅವರ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವಂತಿಲ್ಲ.

ಕೇಳಿದಾಗ ಬಿಡ್ತಾರಾ?
ಡಿಸ್ಚಾರ್ಜ್ ಕೇಳಿದರೆ ಕೂಡಲೇ ಬಿಡಬೇಕು. ಆದರೆ ಜೀವಕ್ಕೆ ಅಪಾಯ ಮಾಡಿಕೊಳ್ಳುವ, ಬೇರೆಯವರ ಮೇಲೆ ಕೈಮಾಡುವ ಲಕ್ಷಣವಿದ್ದರೆ, ತಮ್ಮನ್ನು ತಾವು ನೋಡಿಕೊಳ್ಳಲಾಗದ ಅಥವಾ ಏನೂ ಅರ್ಥವಾಗದ ಸ್ಥಿತಿಯಿದ್ದರೆ, ಪರೀಕ್ಷೆಗಾಗಿ ಮನೋವೈದ್ಯರು 24 ಗಂಟೆವರೆಗೆ ತಡೆಯಬಹುದು. ಆಮೇಲೂ ಉಳಿಸಿಕೊಳ್ಳಲು ಬೇರೆಯದೇ ಕಾನೂನು ಕ್ರಮ ಬೇಕು. ಅದನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯಲ್ಲಿ ಪ್ರಶ್ನಿಸಬಹುದು.

ಎಲ್ಲಿಂದ ಶುರು ಮಾಡೋದು?
ಮೊದಲು 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಅಗತ್ಯಬಿದ್ದರೆ ಜಿಲ್ಲಾಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸ್‌ನಲ್ಲಿ ಪುನರ್ವಸತಿಗೆ ಪ್ರತ್ಯೇಕ ವಿಭಾಗವಿದ್ದು, ಬೇಕರಿಯಂಥ ಕೆಲಸಗಳ ತರಬೇತಿಯೂ ಇದೆ.

ಖಾಸಗಿ ಕೇಂದ್ರವಾದರೆ ಹುಷಾರು
ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಕೇಳಿ, ಪತ್ರ ನೋಡಿಯೇ ಹಣ ಕಟ್ಟಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದು ಕಾನೂನುಬಾಹಿರ.

ಹೋಗುವ ಮುಂಚೆ
ನಿಮ್ಮ ಪರವಾಗಿ ಮಾತಾಡಲು ನಂಬಿಕಸ್ತರೊಬ್ಬರನ್ನು ಲಿಖಿತವಾಗಿ ನೇಮಿಸಿಕೊಳ್ಳಿ. ಆರೋಗ್ಯ ವಿಮೆ ಇದ್ದರೆ ಪಾಲಿಸಿ ತೆಗೆದು ನೋಡಿ. ಮನಸ್ಸಿನ ಕಾಯಿಲೆಗೂ ಉಳಿದ ಕಾಯಿಲೆಗಳಂತೆಯೇ ವಿಮೆ ಇರಬೇಕು ಎನ್ನುತ್ತದೆ ಕಾಯ್ದೆ. ಈಗ ತಗೊಳ್ತಿರೋ ಮಾತ್ರೆ, ಹಳೇ ಚೀಟಿ ಜೊತೆಗಿರಲಿ. ಅಂಗಡಿ ಬೀಗದ ಕೈ, ಸಾಲದ ಕಂತು, ಹಾಲಿನ ಲೆಕ್ಕ ಯಾರು ನೋಡಿಕೊಳ್ಳಬೇಕು ಅಂತ ಹೇಳಿಟ್ಟು ಹೋಗಿ. ಅಕ್ಕಪಕ್ಕದವರಿಗೆ ಕಾರಣ ಹೇಳಲೇಬೇಕೆಂದಿಲ್ಲ; ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎಂಬುದೂ ನಿಮ್ಮ ಹಕ್ಕು.

ವಾಪಸ್ ಬಂದ ಮೇಲೆ ಚೆನ್ನಾಗಿದ್ದೀನಿ ಅಂತ ಮಾತ್ರೆ ನಿಲ್ಲಿಸಬೇಡಿ. ಹೇಳಿದ ದಿನ ತಪ್ಪದೆ ತೋರಿಸಿ.

ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಯಾವ ಮಂಗಳವಾರಕ್ಕೂ ಕಾಯಬೇಡಿ. ಹತ್ತಿರದವರಿಗೆ ಈಗಲೇ ಹೇಳಿ, 14416 ಅಥವಾ 108ಕ್ಕೆ ಕರೆ ಮಾಡಿ.