ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆ

ಹತ್ತೊಂಬತ್ತನೇ ಏಷ್ಯನ್ ಕ್ರೀಡಾಕೂಟದ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆ 2023ರ ಸೆಪ್ಟೆಂಬರ್ 29ರಂದು ಚೀನಾದ ಹಾಂಗ್‌ಝೌ ನಗರದ ಫುಯಾಂಗ್ ಯಿನ್‌ಹು ಕ್ರೀಡಾ ಕೇಂದ್ರದಲ್ಲಿ ನಡೆಯಿತು. 2022ರಲ್ಲೇ ಆಗಬೇಕಿದ್ದ ಕೂಟ ಕೋವಿಡ್‌ನಿಂದಾಗಿ ಒಂದು ವರ್ಷ ಮುಂದೆ ಹೋಗಿತ್ತು. ದಾಖಲೆಗಳಲ್ಲಿ ಇಂದಿಗೂ ಅದು 2022ರ ಕೂಟವೇ. ವೈಯಕ್ತಿಕ ವಿಭಾಗದಲ್ಲಿ ಭಾರತದ ಪಲಕ್ ಚಿನ್ನ, ಇಶಾ ಸಿಂಗ್ ಬೆಳ್ಳಿ, ಪಾಕಿಸ್ತಾನದ ಕಿಶ್ಮಾಲಾ ತಲತ್ ಕಂಚು ಗೆದ್ದರು. ತಂಡ ವಿಭಾಗದಲ್ಲಿ ಚೀನಾಕ್ಕೆ ಚಿನ್ನ, ಪಲಕ್, ಇಶಾ ಹಾಗೂ ಬೆಂಗಳೂರಿನ ದಿವ್ಯಾ ಟಿ.ಎಸ್. ಇದ್ದ ಭಾರತಕ್ಕೆ ಬೆಳ್ಳಿ, ಚೈನೀಸ್ ತೈಪೆಗೆ ಕಂಚು ಬಂತು.

ಈ ಸ್ಪರ್ಧೆಯಲ್ಲಿ ಬಳಸುವುದು 4.5 ಮಿ.ಮೀ. ಪೆಲೆಟ್ ಹಾರಿಸುವ ಗಾಳಿಯೊತ್ತಡದ ಪಿಸ್ತೂಲು. ಅದರ ತೂಕ ಒಂದೂವರೆ ಕಿಲೋ ಮೀರಬಾರದು. ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ಭಾರದಷ್ಟು ಒತ್ತಡ ಬೇಕು. ನಿಂತುಕೊಂಡು, ಒಂದೇ ಕೈಯಲ್ಲಿ ಹಿಡಿದು, ಯಾವ ಆಸರೆಯೂ ಇಲ್ಲದೆ ಗುಂಡು ಹಾರಿಸಬೇಕು. ಇನ್ನೊಂದು ಕೈಯನ್ನು ಬಹುತೇಕ ಶೂಟರ್‌ಗಳು ಪ್ಯಾಂಟಿನ ಜೇಬಿನಲ್ಲಿಯೋ ಸೊಂಟದ ಪಟ್ಟಿಯಲ್ಲಿಯೋ ಸಿಕ್ಕಿಸಿಕೊಳ್ಳುವುದು ಶೋಕಿಗಲ್ಲ. ಜೋತಾಡುವ ಕೈ ಮೈಯನ್ನೇ ತೂಗಾಡಿಸುತ್ತದೆ. ಗುರಿಹಲಗೆಯ ನಡುವಿನ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಅಂದರೆ ಶರ್ಟಿನ ಗುಂಡಿಯಷ್ಟು. ಹತ್ತು ಮೀಟರ್ ಆಚೆಯಿರುವ ಅದನ್ನು ಶೂಟರ್ ಸ್ಪಷ್ಟವಾಗಿ ನೋಡುವುದೂ ಇಲ್ಲ. ಪಿಸ್ತೂಲಿನ ತುದಿಯ ಗುರಿಮೊನೆಯನ್ನೂ ಹಿಂಬದಿಯ ಕಚ್ಚನ್ನೂ ಸರಿಹೊಂದಿಸುವುದರಲ್ಲೇ ಕಣ್ಣು ನೆಟ್ಟಿರುತ್ತದೆ. ಗುರಿಹಲಗೆಯ ಕಪ್ಪು ಭಾಗ ಹಿಂದೆ ಮಸುಕಾಗಿ ಕಾಣುತ್ತಿರುತ್ತದೆ. ಹೊಸಬರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಗುರಿಯನ್ನೇ ದಿಟ್ಟಿಸಿದವರ ಗುಂಡು ಗುರಿ ತಪ್ಪುತ್ತದೆ.

ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳೊಳಗೆ 60 ಗುಂಡು ಹಾರಿಸಬೇಕು, ಪೂರ್ಣಾಂಕ 600. 2018ಕ್ಕೆ ಮುಂಚೆ ಮಹಿಳೆಯರಿಗೆ 40 ಗುಂಡುಗಳು ಮಾತ್ರ ಇದ್ದವು, ಪುರುಷರಿಗೆ 60. ಆ ತಾರತಮ್ಯಕ್ಕೆ ಕ್ರೀಡೆಯೊಳಗಿನ ಸಮರ್ಥನೆಯೇನೂ ಇರಲಿಲ್ಲ, ಅದು ಹೋದದ್ದು ಒಳ್ಳೆಯದೇ ಆಯಿತು. ಹಾಂಗ್‌ಝೌನಲ್ಲಿ ಇದೇ ಸುತ್ತು ಎರಡು ಪದಕಗಳ ಲೆಕ್ಕಕ್ಕೆ ಬಂತು. ಒಂದು ದೇಶದ ಮೂವರ ಅಂಕಗಳನ್ನು ಕೂಡಿದರೆ ತಂಡದ ಮೊತ್ತ. ಅದೇ ಅಂಕಗಳ ಮೇಲೆ ಮೊದಲ ಎಂಟು ಮಂದಿ ವೈಯಕ್ತಿಕ ಫೈನಲ್‌ಗೆ ಏರುತ್ತಾರೆ, ಆದರೆ ಒಂದು ದೇಶದಿಂದ ಇಬ್ಬರಿಗಿಂತ ಹೆಚ್ಚು ಮಂದಿಗೆ ಅವಕಾಶವಿಲ್ಲ.

ಇಶಾ 579, ಪಲಕ್ 577, ದಿವ್ಯಾ 575 ಅಂಕ ಗಳಿಸಿದರು. ಒಟ್ಟು 1731. ಚೀನಾದ ಮೊತ್ತ 1736. ಮೂವರು ಹಾರಿಸಿದ 180 ಗುಂಡುಗಳ ಕೊನೆಗೆ ಉಳಿದ ಅಂತರ ಐದೇ ಅಂಕ. ಚೈನೀಸ್ ತೈಪೆ 1723 ಅಂಕ ಗಳಿಸಿ ಮೂರನೆಯದಾಯಿತು. ಈ ಸ್ಪರ್ಧೆಯ ಕಥೆಯನ್ನು ಸಾಮಾನ್ಯವಾಗಿ ಫೈನಲ್‌ನಿಂದ ಆರಂಭಿಸುತ್ತಾರೆ, ಹಾಗಾಗಿ ಭಾರತ ತಂಡದ ಮೂರನೆಯವರ ಹೆಸರು ಬದಿಗೆ ಸರಿದುಬಿಡುತ್ತದೆ. ದಿವ್ಯಾ ಫೈನಲ್‌ನಲ್ಲಿ ಇರಲಿಲ್ಲ. ಆದರೆ ಅವರ 575ರಲ್ಲಿ ಒಂಬತ್ತು ಅಂಕ ಕಡಿಮೆಯಾಗಿದ್ದರೆ ಆ ಬೆಳ್ಳಿ ತೈಪೆಯ ಪಾಲಾಗುತ್ತಿತ್ತು. ತಂಡದ ಲೆಕ್ಕದಲ್ಲಿ ಮೂರನೆಯವರ ಒಂದು ಅಂಕಕ್ಕೂ ಮೊದಲನೆಯವರ ಒಂದು ಅಂಕಕ್ಕೂ ತೂಕ ಒಂದೇ. 2010ರ ಗುವಾಂಗ್‌ಝೌ ಕೂಟದಲ್ಲೂ ಅನ್ನು ರಾಜ್ ಸಿಂಗ್, ಹೀನಾ ಸಿಧು, ಸೋನಿಯಾ ರಾಯ್ ಇದೇ ತಂಡ ಸ್ಪರ್ಧೆಯಲ್ಲಿ ಬೆಳ್ಳಿ ತಂದಿದ್ದರು. 2018ರ ಜಕಾರ್ತಾ ಕೂಟದಲ್ಲಿ ಮೂವರ ತಂಡ ಸ್ಪರ್ಧೆಗಳನ್ನೇ ಕೈಬಿಡಲಾಗಿತ್ತು, ಹಾಂಗ್‌ಝೌನಲ್ಲಿ ಅವು ಮರಳಿ ಬಂದವು.

ಫೈನಲ್‌ನಲ್ಲಿ ಅರ್ಹತಾ ಸುತ್ತಿನ ಅಂಕಗಳು ಅಳಿದುಹೋಗುತ್ತವೆ. ಎಂಟೂ ಮಂದಿ ಸೊನ್ನೆಯಿಂದ ಶುರುಮಾಡುತ್ತಾರೆ. ಇಲ್ಲಿ ಅಂಕ ದಶಮಾಂಶದಲ್ಲಿ, ಒಂದು ಗುಂಡಿಗೆ ಗರಿಷ್ಠ 10.9. ಮೊದಲಿಗೆ ಐದೈದು ಗುಂಡುಗಳ ಎರಡು ಸರಣಿ, ಬಳಿಕ ಆಜ್ಞೆ ಬಂದಂತೆ ಒಂದೊಂದೇ ಗುಂಡು, ಒಂದಕ್ಕೆ 50 ಸೆಕೆಂಡು. ಹನ್ನೆರಡನೆಯ ಗುಂಡಿನಿಂದ ಆಚೆಗೆ ಪ್ರತಿ ಎರಡು ಗುಂಡಿಗೊಮ್ಮೆ ಕೊನೆಯ ಸ್ಥಾನದಲ್ಲಿರುವವರು ಪಿಸ್ತೂಲು ಕೆಳಗಿಟ್ಟು ಹೊರನಡೆಯಬೇಕು. ದಶಮಾಂಶದ ಒಂದು ಹೆಜ್ಜೆ ಎಂದರೆ ಗುರಿಹಲಗೆಯ ಮೇಲೆ 0.8 ಮಿ.ಮೀ. ಅಷ್ಟು ಸಣ್ಣ ಅಳತೆಯಲ್ಲಿ ಪದಕದ ಬಣ್ಣ ಬದಲಾಗುತ್ತದೆ.

ಅರ್ಹತಾ ಸುತ್ತಿನಲ್ಲಿ ಇಶಾಗಿಂತ ಎರಡು ಅಂಕ ಹಿಂದಿದ್ದ ಪಲಕ್ ಫೈನಲ್‌ನಲ್ಲಿ 24 ಗುಂಡುಗಳಿಗೆ 242.1 ಅಂಕ ಗಳಿಸಿದರು. ಅದು ಏಷ್ಯನ್ ಕೂಟದ ದಾಖಲೆ. ಇಶಾ 239.7ಕ್ಕೆ ನಿಂತರು. ಸರಾಸರಿ ತೆಗೆದರೆ ಪಲಕ್ ಒಂದು ಗುಂಡಿಗೆ ಹತ್ತಕ್ಕಿಂತ ತುಸು ಮೇಲೆ, ಇಶಾ ಹತ್ತಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಚಿನ್ನಕ್ಕೂ ಬೆಳ್ಳಿಗೂ ನಡುವೆ ಇದ್ದದ್ದು ಗುಂಡಿಗೆ 0.1 ಅಂಕದ ಅಂತರ. ಪಲಕ್‌ಗೆ ಆಗ 17 ವರ್ಷ, ಹೈದರಾಬಾದಿನ ಇಶಾಗೆ 18. ಕಿಶ್ಮಾಲಾ 218.2 ಅಂಕಗಳೊಂದಿಗೆ ಮೂರನೆಯವರಾದರು. ಭಾರತದ ಇಬ್ಬರ ಪಕ್ಕದಲ್ಲಿ ಪಾಕಿಸ್ತಾನದ ಯುವತಿ ನಿಂತ ಆ ಪದಕ ವೇದಿಕೆ ದಕ್ಷಿಣ ಏಷ್ಯಾದ ಶೂಟಿಂಗ್ ಇತಿಹಾಸದಲ್ಲಿ ಅಪರೂಪದ್ದು. ಆತಿಥೇಯ ಚೀನಾದವರಾರೂ ಅದರ ಮೇಲಿರಲಿಲ್ಲ.

ಈ ವಿಭಾಗದ ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಹಿಂದಿನ ಎರಡು ಕೂಟಗಳಲ್ಲಿ ಕಂಚು ದಕ್ಕಿತ್ತು. 2014ರ ಇಂಚಿಯಾನ್‌ನಲ್ಲಿ ಶ್ವೇತಾ ಚೌಧರಿ, 2018ರ ಜಕಾರ್ತಾದಲ್ಲಿ ಹೀನಾ ಸಿಧು ಅದನ್ನು ಗೆದ್ದಿದ್ದರು. 25 ಮೀಟರ್ ಪಿಸ್ತೂಲ್‌ನಲ್ಲಿ ಬಾಗಿಲು ತೆರೆದವರು ರಾಹಿ ಸರ್ನೋಬತ್. ಅವರು ಜಕಾರ್ತಾದಲ್ಲಿ ಗೆದ್ದ ಚಿನ್ನ, ಏಷ್ಯನ್ ಕೂಟದ ಶೂಟಿಂಗ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಚಿನ್ನ. ಹಾಂಗ್‌ಝೌನಲ್ಲಿ 10 ಮೀಟರ್ ಸ್ಪರ್ಧೆಗೆ ಎರಡು ದಿನ ಮೊದಲು ಮನು ಭಾಕರ್, ಇಶಾ, ರಿದಮ್ ಸಾಂಗ್ವಾನ್ ಅವರಿದ್ದ ತಂಡ 25 ಮೀಟರ್‌ನಲ್ಲಿ 1759 ಅಂಕಗಳೊಂದಿಗೆ ಚಿನ್ನ ಗೆದ್ದಿತ್ತು. ಅದೇ ವಿಭಾಗದ ವೈಯಕ್ತಿಕ ಬೆಳ್ಳಿಯೂ ಇಶಾ ಪಾಲಾಗಿತ್ತು. ಹೀಗೆ ಅವರು ಕೂಟದಿಂದ ನಾಲ್ಕು ಪದಕಗಳೊಂದಿಗೆ ಮರಳಿದರು. ಶೂಟಿಂಗ್‌ನಲ್ಲಿ ಭಾರತದ ಒಟ್ಟು ಗಳಿಕೆ 22 ಪದಕಗಳು, ಅವುಗಳಲ್ಲಿ ಏಳು ಚಿನ್ನ.

ದಿವ್ಯಾ ಅವರ ಕೂಟ ಅಲ್ಲಿಗೇ ಮುಗಿಯಲಿಲ್ಲ. ಮರುದಿನ ಸರಬ್ಜೋತ್ ಸಿಂಗ್ ಜೊತೆಗೂಡಿ ಅವರು ಮಿಶ್ರ ತಂಡದ ಫೈನಲ್ ತಲುಪಿದರು. ಎದುರಿಗಿದ್ದವರು ಚೀನಾದ ಜಾಂಗ್ ಬೊವೆನ್ ಮತ್ತು ಟೋಕಿಯೊ ಒಲಿಂಪಿಕ್ಸ್ ಮಿಶ್ರ ತಂಡದ ಚಿನ್ನ ಗೆದ್ದಿದ್ದ ಜಿಯಾಂಗ್ ರಾನ್‌ಶಿನ್. ಮೊದಲು 16 ಅಂಕ ಮುಟ್ಟಿದ ಜೋಡಿ ಗೆಲ್ಲುವ ಈ ಪಂದ್ಯದಲ್ಲಿ ಭಾರತದ ಜೋಡಿ 14-16ರಿಂದ ಸೋತು ಬೆಳ್ಳಿ ಪಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಾಕು ವಿಶ್ವಕಪ್‌ನಲ್ಲಿ ಇದೇ ಜೋಡಿ ಸರ್ಬಿಯಾದ ಝೊರಾನಾ ಅರುನೊವಿಚ್, ದಾಮಿರ್ ಮಿಕೆಚ್ ಅವರನ್ನು 16-14ರಿಂದ ಮಣಿಸಿ ಚಿನ್ನ ಗೆದ್ದಿತ್ತು.

ಮುಂದೆ ಪಲಕ್ 2024ರ ಏಪ್ರಿಲ್‌ನಲ್ಲಿ ರಿಯೊ ಡಿ ಜನೈರೊದ ಅರ್ಹತಾ ಸ್ಪರ್ಧೆಯಲ್ಲಿ ಕಂಚು ಗೆದ್ದು ದೇಶಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನ ಕೋಟಾ ಸ್ಥಾನ ತಂದುಕೊಟ್ಟರು. ಆದರೆ ಕೋಟಾ ದೇಶದ್ದು, ಶೂಟರ್‌ನದಲ್ಲ. ಆಯ್ಕೆ ಟ್ರಯಲ್ಸ್‌ನ ನಂತರ ಪ್ಯಾರಿಸ್‌ನ 10 ಮೀಟರ್ ಸ್ಪರ್ಧೆಗೆ ಹೋದವರು ಮನು ಮತ್ತು ರಿದಮ್. ಇಶಾ 25 ಮೀಟರ್‌ನಲ್ಲಿ ಮಾತ್ರ ಸ್ಪರ್ಧಿಸಿದರು. ಮನು ಕಂಚು ಗೆದ್ದು ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳಾ ಶೂಟರ್ ಆದರು. ಕಿಶ್ಮಾಲಾ ಪಾಕಿಸ್ತಾನದ ಪರವಾಗಿ ಅಲ್ಲಿ ಗುರಿಯಿಟ್ಟರು. ಒಲಿಂಪಿಕ್ಸ್‌ನಲ್ಲಿ ಮೂವರು ಮಹಿಳೆಯರ ತಂಡ ಸ್ಪರ್ಧೆ ಇಲ್ಲ. ಅದು ಏಷ್ಯನ್ ಕೂಟ, ವಿಶ್ವ ಚಾಂಪಿಯನ್‌ಷಿಪ್‌ನಂಥ ಕಡೆಗಳಲ್ಲಿ ನಡೆಯುತ್ತದೆ.